ಜೆರ್ಸಿ ಅಂದರೆ ಹಸುವಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನದೊಂದು ಸಣ್ಣ ಬರಹ ಬಂದಿತ್ತು. ಅಷ್ಟೇನೂ ಹೆಸರು ಮಾಡದ ಹಾಕಿ ಗೋಲ್‌ಕೀಪರ್‌ಗಳು ಪಂದ್ಯದಲ್ಲಿ ತೊಟ್ಟ ಜೆರ್ಸಿಗಳನ್ನು ನಾನು ಕೂಡಿಡುತ್ತೇನೆ, ಈವರೆಗೆ 43 ಆಗಿವೆ, ವಿರಾಜಪೇಟೆ ಹತ್ತಿರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿವೆ ಅಂತ ಅದರಲ್ಲಿ ಬರೆದಿದ್ದೆ. ಪತ್ರಗಳು ಬಂದವು. ಕೆಲವರು ನಕ್ಕಿದ್ದಾರೆ, ಒಬ್ಬರು ತಪ್ಪು ಹಿಡಿದಿದ್ದಾರೆ, ಉಳಿದವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಾರೆ. ಸಂಪಾದಕರು ಈ ಸಲದ ಪ್ರಶ್ನೋತ್ತರವನ್ನು ನನಗೇ ಬಿಟ್ಟುಕೊಟ್ಟಿದ್ದಾರೆ. ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಜೆರ್ಸಿ ಅಂತ ಕಂಡು ಹೈನುಗಾರಿಕೆ ಲೇಖನ ಅಂದುಕೊಂಡು ಓದಲು ಕೂತೆ. ಮೂರನೇ ಸಾಲಿಗೆ ಬಂದ ಮೇಲೆ ಹಸುವಲ್ಲ ಅಂತ ಗೊತ್ತಾಯಿತು. ಯಾರೋ ಬೆವರು ಸುರಿಸಿದ ಅಂಗಿ ಇಟ್ಟುಕೊಂಡು ಏನು ಮಾಡುತ್ತೀರಿ?
ಕಾಫಿ ಬೆಳೆಗಾರರು, ಮೂರ್ನಾಡು

ಉತ್ತರ: ನಿಮ್ಮ ತಪ್ಪಲ್ಲ ಬಿಡಿ. ನಮ್ಮ ಅತ್ತೆಯವರೂ ಮೊದಲ ಸಲ ಕೇಳಿದಾಗ "ಕೊಟ್ಟಿಗೆ ಯಾವ ಕಡೆ ಕಟ್ಟಿಸುತ್ತೀರಿ?" ಅಂದಿದ್ದರು. ಏನು ಮಾಡುತ್ತೇನೆ ಅಂದರೆ, ಏನೂ ಮಾಡುವುದಿಲ್ಲ. ತೆಗೆದು ನೋಡುತ್ತೇನೆ, ಮತ್ತೆ ಮಡಚಿ ಇಡುತ್ತೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಅವರು ಐದು ನಿಮಿಷ ನೋಡಿ ಕಾಫಿ ಕೇಳುತ್ತಾರೆ. ವಾಸನೆ ಬರುತ್ತಾ ಅಂತ ಬೇರೆ ಇಬ್ಬರು ಕೇಳಿದ್ದಾರೆ. ಬರುತ್ತದೆ. ಕೀಪರ್ ಕಿಟ್ ಬ್ಯಾಗಿನ ಜಿಪ್ ಒಮ್ಮೆ ತೆರೆದವರಿಗೆ ಆ ವಾಸನೆಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಕೊಡಗಿನಲ್ಲಿ ಒಲಿಂಪಿಕ್ಸ್ ಆಡಿದ ಫಾರ್ವರ್ಡ್, ಡಿಫೆಂಡರ್‌ಗಳು ಎಷ್ಟೋ ಜನ ಇದ್ದಾರೆ. ಅವರ ಜೆರ್ಸಿ ಬಿಟ್ಟು ಯಾರಿಗೂ ಗೊತ್ತಿಲ್ಲದ ಗೋಲ್‌ಕೀಪರ್‌ಗಳ ಹಿಂದೆ ಯಾಕೆ ಬಿದ್ದಿರಿ?
ಬ್ಯಾಂಕ್ ಉದ್ಯೋಗಿ, ನಾಪೋಕ್ಲು

ಉತ್ತರ: ನಿಜ ಹೇಳುತ್ತೇನೆ, ಇದರ ಬುಡದಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ. ನಾನು ಕಾಲೇಜು ತಂಡದಲ್ಲಿ ಮೂರು ವರ್ಷ ಎರಡನೇ ಕೀಪರ್ ಆಗಿದ್ದೆ. ಎರಡನೇ ಕೀಪರ್‌ನ ಕೆಲಸ ಏನು ಗೊತ್ತಾ? ಪಂದ್ಯಕ್ಕೆ ಮುಂಚೆ ಮೊದಲನೇ ಕೀಪರ್‌ಗೆ ಚೆಂಡು ಹೊಡೆದು ಕೊಡಬೇಕು. ಅವನ ಪ್ಯಾಡಿನ ಬಕಲ್ ಬಿಗಿಯಬೇಕು. ಆಮೇಲೆ ಎಪ್ಪತ್ತು ನಿಮಿಷ ಬೆಂಚಿನಲ್ಲಿ ಕೂರಬೇಕು. ಆಗ ಪಂದ್ಯ ಎಪ್ಪತ್ತು ನಿಮಿಷ, ಈಗಿನ ಹಾಗೆ ಹದಿನೈದರ ನಾಲ್ಕು ಕ್ವಾರ್ಟರ್ ಅಲ್ಲ. ಫಾರ್ವರ್ಡ್ ಸುಸ್ತಾದರೆ ಬದಲಿ ಹೋಗಬಹುದು. ಕೀಪರ್ ಎಲ್ಲಿ ಸುಸ್ತಾಗುತ್ತಾನೆ?

ಮೂರು ವರ್ಷದಲ್ಲಿ ನಾನು ಗೋಲಿನಲ್ಲಿ ನಿಂತದ್ದು ಒಟ್ಟು 11 ನಿಮಿಷ. ಮಂಗಳೂರಿನಲ್ಲಿ, ಆಗಲೇ ನಾಲ್ಕು ಗೋಲು ಹೊಡೆದು ಗೆದ್ದಾಗಿದ್ದ ಪಂದ್ಯ. ಒಂದೇ ಒಂದು ಚೆಂಡು ನನ್ನ ಕಡೆ ಬರಲಿಲ್ಲ. ಕೊನೆಯ ವರ್ಷ ಆ ಹಳದಿ ಅಂಗಿಯನ್ನು ಸ್ಟೋರ್ ರೂಮಿಗೆ ವಾಪಸ್ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ಎರಡು ವರ್ಷ ಬಿಟ್ಟು ಹೋಗಿ ಕೇಳಿದರೆ ಸಿಗಲಿಲ್ಲ. ಯಾವ ಬೆಂಚು ಒರೆಸಿತೋ ಏನೋ.

ಇನ್ನೊಂದು ಕಾರಣ ಆಟದ ನಿಯಮದಲ್ಲೇ ಇದೆ. ಕೀಪರ್‌ನ ಅಂಗಿ ತನ್ನ ತಂಡದ ಬಣ್ಣವೂ ಆಗಬಾರದು, ಎದುರು ತಂಡದ ಬಣ್ಣವೂ ಆಗಬಾರದು. ಹಾಗಾಗಿ ತಂಡದ ಫೋಟೋದಲ್ಲಿ ಎಲ್ಲರೂ ಒಂದು ಬಣ್ಣ, ಇವನೊಬ್ಬ ಬೇರೆ. ಮದುವೆ ಮನೆಗೆ ತಪ್ಪಿ ಬಂದವನ ಹಾಗೆ ನಿಂತಿರುತ್ತಾನೆ. ಬಣ್ಣ ಕಣ್ಣಿಗೆ ಬೀಳುತ್ತದೆ, ಹೆಸರು ಮಾತ್ರ ನೆನಪಿರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಕಂಚು ಗೆದ್ದಾಗ ಗೋಲಿನಲ್ಲಿ ಇದ್ದವರು ಶ್ರೀಜೇಶ್. ಅದಾದ ಮೇಲೆ ಹಾಕಿ ಇಂಡಿಯಾ ಸಂಸ್ಥೆ, ಅವರ 16ನೇ ನಂಬರನ್ನು ಸೀನಿಯರ್ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಘೋಷಿಸಿತು. ಸರಿಯಾದ ಗೌರವ. ಆದರೆ ಅದೇ ಪ್ಯಾರಿಸ್‌ಗೆ ಮೀಸಲು ಕೀಪರ್ ಆಗಿ ಹೋಗಿದ್ದ ಕೃಷನ್ ಪಾಠಕ್ ಅವರ ನಂಬರ್ ಯಾವುದು ಅಂತ ನಿಮ್ಮ ಬ್ಯಾಂಕಿನಲ್ಲಿ ಕೇಳಿ ನೋಡಿ. ನನಗೆ ಬೇಕಾಗಿರುವುದು ಆ ಅಂಗಿ.

ಪ್ರಶ್ನೆ: ಎ.ಬಿ. ಸುಬ್ಬಯ್ಯ ಅವರ ಜೆರ್ಸಿ ನಿಮ್ಮಲ್ಲಿದೆಯಾ?
ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಇಲ್ಲ. ಇದ್ದಿದ್ದರೆ ಈ ಪತ್ರಿಕೆಯ ಮುಖಪುಟದಲ್ಲಿ ಹಾಕಿಸುತ್ತಿದ್ದೆ. 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ ಎರಡೂ ಒಲಿಂಪಿಕ್ಸ್‌ಗೆ ಹೋದ ಕೀಪರ್ ನಮ್ಮ ಜಿಲ್ಲೆಯಲ್ಲಿ ಅಪರಿಚಿತರ ಪಟ್ಟಿಗೆ ಸೇರುವುದಿಲ್ಲ. ನಾನೇ ಹಾಕಿಕೊಂಡ ನಿಯಮ ಇದು. ಅದೇ 1996ರ ತಂಡದಲ್ಲಿ ಅಲೋಶಿಯಸ್ ಎಡ್ವರ್ಡ್ಸ್ ಅಂತ ಇನ್ನೊಬ್ಬ ಕೀಪರ್ ಇದ್ದರು. ಅವರ ಅಂಗಿ ಎಲ್ಲಾದರೂ ಕಂಡರೆ ತಿಳಿಸಿ, ಬಸ್ ಹತ್ತುತ್ತೇನೆ.

ಪ್ರಶ್ನೆ: ಜೆರ್ಸಿಯನ್ನು ಪಂದ್ಯದಲ್ಲಿ ನಿಜವಾಗಿ ತೊಟ್ಟಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ? ಅಂಗಡಿಯಿಂದ ತಂದು ಮಣ್ಣು ಉಜ್ಜಿ ಕೊಟ್ಟರೆ?
ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಮೇಡಂ, ನೀವು ಹೇಳಿದ್ದೇ ನನಗೆ ಆಗಿದೆ. ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ 4,500 ರೂಪಾಯಿ ಕೊಟ್ಟು ಒಂದು ಹಸಿರು ಅಂಗಿ ತಂದೆ. ರಾಷ್ಟ್ರೀಯ ಶಿಬಿರಕ್ಕೆ ಹೋಗಿದ್ದ ಕೀಪರ್‌ನದ್ದು ಅಂದರು. ಎದೆ, ಮೊಣಕೈ ಎಲ್ಲ ಕೆಂಪು ಮಣ್ಣು. ಖುಷಿಯಲ್ಲಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡೇ ಬಂದೆ. ಪಿರಿಯಾಪಟ್ಟಣ ದಾಟುವಾಗ ಸುಮ್ನೆ ಒಳಗಿನ ಪಟ್ಟಿ ನೋಡಿದೆ. ಸೈಜ್ ಮೀಡಿಯಂ. ಎದೆಕವಚ, ತೋಳಿನ ಗಾರ್ಡ್ ಎಲ್ಲ ಕಟ್ಟಿಕೊಂಡ ಕೀಪರ್‌ಗೆ ಮೀಡಿಯಂ ಅಂಗಿ ಕೊರಳಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಗಿ ಕವಚದ ಮೇಲೆ ಬರಬೇಕು ಅಂತಲೇ ನಿಯಮ. ಮನೆಗೆ ಬಂದು ಒಳಮಗ್ಗುಲು ತಿರುಗಿಸಿದರೆ ಬಟ್ಟೆ ಹೊಚ್ಚ ಹೊಸದು. ಆಮೇಲೆ ರಾತ್ರಿ ಮಲಗಿದಾಗ ಹೊಳೆಯಿತು: ರಾಷ್ಟ್ರೀಯ ಶಿಬಿರ ನಡೆಯುವುದು ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ. ಕೆಂಪು ಮಣ್ಣು ಎಲ್ಲಿಂದ ಬಂತು?

ಆವತ್ತಿನಿಂದ ಯಾವ ಅಂಗಿ ಬಂದರೂ ಮೊದಲು ಒಳಗಿನದ್ದು ನೋಡುತ್ತೇನೆ. ಕೀಪರ್ ಅಂಗಿ ಸವೆಯುವುದು ಒಳಗಿನಿಂದ. ಎದೆಕವಚದ ಅಂಚು ತಾಗುವ ಕಡೆ ನೂಲು ಸಣ್ಣ ಸಣ್ಣ ಗುಂಡಾಗಿ ಎದ್ದಿರುತ್ತದೆ. ಕೊರಳಿನ ಮುಂಭಾಗ ಹೆಲ್ಮೆಟ್ಟಿನ ಗಂಟಲು ಪಟ್ಟಿ ಉಜ್ಜಿ ಬಣ್ಣ ಮಾಸಿರುತ್ತದೆ. ಮೊಣಕೈಯಲ್ಲಿ ಒಳಗೆ ಗಾರ್ಡ್, ಹೊರಗೆ ನೆಲ, ಎರಡರ ನಡುವೆ ಬಟ್ಟೆ ಅರೆದು ಹೋಗಿರುತ್ತದೆ. ಟರ್ಫ್‌ನಲ್ಲಿ ಜಾರಿ ಬಿದ್ದ ಪಾಲಿಯೆಸ್ಟರ್ ಆದರೆ ಅಲ್ಲಿ ಒಂದು ಹೊಳಪು ಬಂದಿರುತ್ತದೆ, ಇಸ್ತ್ರಿ ಜಾಸ್ತಿ ಬಿಸಿಯಾಗಿ ತಾಗಿದ ಹಾಗೆ. ಮಣ್ಣಿನ ಮೈದಾನದ ಅಂಗಿಯಲ್ಲಿ ಮಣ್ಣು ಹೊಲಿಗೆಯ ಸಂದಿಗೆ ಇಳಿದಿರುತ್ತದೆ. ಕೈಯಲ್ಲಿ ಉಜ್ಜಿದ ಮಣ್ಣು ಮೇಲೇ ಕೂತಿರುತ್ತದೆ. ಬೆರಳಲ್ಲಿ ಕೊಡವಿದರೆ ಅರ್ಧ ಉದುರುತ್ತದೆ.

ಆಮೇಲೆ ಫೋಟೋ. ನಂಬರನ್ನು ಕೈಯಲ್ಲಿ ಇಟ್ಟು ಬಿಸಿ ಒತ್ತಿ ಅಂಟಿಸುವುದರಿಂದ ಪ್ರತಿ ಅಂಗಿಯಲ್ಲೂ ಒಂದು ಕೂದಲೆಳೆಯಷ್ಟು ಓರೆ ಇರುತ್ತದೆ. ಪಂದ್ಯದ ಫೋಟೋದಲ್ಲೂ ಅದೇ ಓರೆ, ಅದೇ ಹರಿದ ಜಾಗ ಕಂಡರೆ ಮುಗಿಯಿತು. ಕೊಡವ ಮನೆತನಗಳು ತಂಡ ಕಟ್ಟಿ ಆಡುವ ನಮ್ಮ ಕುಟುಂಬಗಳ ಹಾಕಿ ಪಂದ್ಯಗಳನ್ನು ಈಗ ಮೊಬೈಲಿನಲ್ಲೇ ನೇರ ನೋಡಬಹುದು, ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೋಲಿಸಬಹುದು. ಭಾರತ ತಂಡದ ಅಂಗಿ ಅಂತ ಯಾರಾದರೂ ತಂದರೆ ಎದೆಯ ಮೇಲಿನ ಪ್ರಾಯೋಜಕರ ಹೆಸರು ನೋಡಿ. ಒಡಿಶಾ ಅಂತ ಬರಲು ಶುರುವಾದದ್ದು 2018ರಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ಸಹಾರಾ. 2014ರ ಅಂಗಿ ಅಂತ ಹೇಳಿ ಒಡಿಶಾ ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇಷ್ಟೆಲ್ಲ ಹೇಳಿದರೂ ನನಗೆ ಎಲ್ಲಕ್ಕಿಂತ ಮುಖ್ಯ ಒಂದು ಚೀಟಿ. ಯಾವ ಪಂದ್ಯ, ಯಾವ ದಿನ, ಎದುರಿಗೆ ಯಾರು, ಎಷ್ಟು ಗೋಲು ಬಿತ್ತು, ಇಷ್ಟನ್ನು ತೊಟ್ಟವರ ಕೈಯಲ್ಲೇ ಬರೆಸಿ ಸಹಿ ಹಾಕಿಸುತ್ತೇನೆ. 43ರಲ್ಲಿ 38ಕ್ಕೆ ಚೀಟಿ ಇದೆ. ಉಳಿದ ಐದು ಅಂಗಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆ ಹಸಿರು ಅಂಗಿ ಈಗ ನಮ್ಮ ತೋಟದ ಸ್ಪ್ರಿಂಕ್ಲರ್ ಪಂಪಿಗೆ ಹೊದಿಕೆ.

ಪ್ರಶ್ನೆ: ಜೂನ್ ಬಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಜೆರ್ಸಿ ಒಗೆಯಬಾರದು ಅಂತ ಬರೆದಿದ್ದೀರಿ. ಒಗೆಯದ ಅಂಗಿ ಕೊಡಗಿನ ಮಳೆಯಲ್ಲಿ ಉಳಿಯುತ್ತದಾ?
ಗೃಹಿಣಿ, ಭಾಗಮಂಡಲ

ಉತ್ತರ: ಅಕ್ಕ, ಈ ಪ್ರಶ್ನೆಗೆ ಎರಡು ಪುಟ ಬೇಕು. ಬರೆಯುವಾಗ ನಾನು ಅರ್ಧ ಮಾತು ಹೇಳಿದ್ದೆ. ಹೊರಗಿನ ಸಂಗ್ರಹಕಾರರ ವೇದವಾಕ್ಯ ಒಂದೇ, ಒಗೆಯಬೇಡಿ. ಕೆಸರು, ಬೆವರು, ಹುಲ್ಲಿನ ಕಲೆ ಎಲ್ಲ ಸಾಕ್ಷಿ. ಒಣ ಹವೆಯ ಊರಿನವರಿಗೆ ಅದು ಸರಿ. ನಾನೂ ಮೊದಮೊದಲು ಅದನ್ನೇ ನಂಬಿದ್ದೆ. ಒಂದೊಂದು ಅಂಗಿಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಅಂಟಿಸಿ, ಟ್ರಂಕಿನಲ್ಲಿ ಇಟ್ಟಿದ್ದೆ.

2018ರ ಆಗಸ್ಟ್ ನಿಮಗೆ ಗೊತ್ತಲ್ಲ. ಗುಡ್ಡಗಳು ಜಾರಿದ ವರ್ಷ. ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲ. ಟ್ರಂಕ್ ಕಡೆ ಯಾರು ನೋಡುತ್ತಾರೆ? ಸೆಪ್ಟೆಂಬರ್ ಕೊನೆಗೆ ತೆರೆದರೆ ನಾಲ್ಕು ಅಂಗಿಗಳ ಮೇಲೆ ಕರಿ ಚುಕ್ಕೆ. ಕವರಿನ ಒಳಗೇ ಬೆವರಿನ ಪಸೆ ಹಬೆಯಾಗಿ, ಬೂಷ್ಟು ಬೆಳೆದಿತ್ತು. ಮೂರು ಪಾಲಿಯೆಸ್ಟರ್, ಹೇಗೋ ಉಳಿದವು. ಒಂದು ಬಿಳಿ ಕಾಟನ್, 1980ರ ದಶಕದ್ದು, ಮುಟ್ಟಿದರೆ ಹರಿಯುತ್ತಿತ್ತು. ಜನ ಮನೆ ತೋಟ ಕಳೆದುಕೊಂಡ ವರ್ಷ ಒಂದು ಅಂಗಿಗೆ ಅತ್ತರೆ ಚೆನ್ನಾಗಿರುವುದಿಲ್ಲ ಅಂತ ಸುಮ್ಮನಿದ್ದೆ.

ಈಗ ನಾನು ಒಗೆಯುತ್ತೇನೆ. ಒಗೆಯುವುದು ಅನ್ನುವುದಕ್ಕಿಂತ ನೀರು ಕಾಣಿಸುತ್ತೇನೆ. ಮೊದಲು ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಒಳಗೆ ಎಲ್ಲ ಫೋಟೋ. ಆಮೇಲೆ ಬಕೆಟಿನಲ್ಲಿ ತಣ್ಣೀರು, ಅದಕ್ಕೆ ಎರಡೇ ಹನಿ ಮೆತ್ತಗಿನ ಸೋಪು ದ್ರಾವಣ, ಅರ್ಧ ಗಂಟೆ ನೆನೆ. ಎರಡು ಸಲ ಬರೀ ನೀರು. ಬ್ರಷ್ ಇಲ್ಲ, ಬ್ಲೀಚ್ ಇಲ್ಲ, ಮೆಷಿನ್ ಅಂತೂ ಬೇಡವೇ ಬೇಡ. ಹಿಂಡಬಾರದು. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಬೇಕು. ಬೆವರಿನ ಉಪ್ಪು ಹೋಗುತ್ತದೆ, ಮಣ್ಣಿನ ಕಲೆ ಮಸುಕಾಗಿ ನಿಲ್ಲುತ್ತದೆ. ರಕ್ತದ ಕಲೆ, ಪೆನ್ನಿನ ಸಹಿ ಇದ್ದ ಅಂಗಿಗೆ ಮಾತ್ರ ನೀರು ತೋರಿಸುವುದಿಲ್ಲ. ಈ ಕೆಲಸ ಏಪ್ರಿಲ್‌ನಲ್ಲೇ ಮುಗಿಯಬೇಕು. ಜುಲೈ-ಆಗಸ್ಟ್‌ನ ಮಳೆ ತಿಂಗಳು ಕಕ್ಕಡದಲ್ಲಿ ಅಂಗಿ ಒಣಗಿಸಲು ಹೊರಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳುವುದೇ?

ಇಡುವುದು ಹಳೇ ಬಿಳಿ ಪಂಚೆಯಲ್ಲಿ ಹೊಲಿಸಿದ ಚೀಲದಲ್ಲಿ. ಬಟ್ಟೆ ಉಸಿರಾಡುತ್ತದೆ. ನಂಬರ್ ಮೇಲೆ ನಂಬರ್ ಬಂದರೆ ಅಂಟಿಕೊಳ್ಳುತ್ತವೆ, ಹಾಗಾಗಿ ನಡುವೆ ಬಟರ್ ಪೇಪರ್. ನುಸಿಗುಳಿಗೆ ಬೇಡ. ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಅಂಟಿಸಿದ ನಂಬರಿಗೆ ಅಪಾಯ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ಹೊಟ್ಟೆ ತುಂಬಿತು ಅಂತ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬರುವುದಿಲ್ಲ ಅಂತ ನಮ್ಮ ಅತ್ತೆಯವರ ಸಲಹೆ. ಬರುವುದಿಲ್ಲ ನಿಜ. ಆದರೆ ಅಂಗಿ ಹೊಗೆ ಹಾಕಿದ ಹಂದಿ ಮಾಂಸದ ಬಣ್ಣಕ್ಕೆ ತಿರುಗುತ್ತದೆ.

ಪ್ರಶ್ನೆ: ನಮ್ಮ ತಂದೆ 1970ರ ದಶಕದಲ್ಲಿ ಒಂದು ಇಲಾಖೆಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ತುಂಬು ತೋಳಿನ ಒಂದು ಕಾಟನ್ ಅಂಗಿ ಸಿಕ್ಕಿದೆ. ಬೆನ್ನಿಗೆ ಬಟ್ಟೆ ಕತ್ತರಿಸಿ ಹೊಲಿದ 1. ಮುಂದೆ ಕಂದು ಕಲೆಗಳಿವೆ. ಇದಕ್ಕೆ ಬೆಲೆ ಇದೆಯೇ? ನೀವು ತೆಗೆದುಕೊಳ್ಳುತ್ತೀರಾ?
ಅಮ್ಮತ್ತಿಯವರು, ಈಗ ಮೈಸೂರು

ಉತ್ತರ: ನಿಮ್ಮ ಪತ್ರದ ಜೊತೆ ಬಂದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಲೆ ರಕ್ತದ್ದಲ್ಲ ಅನ್ನಿಸುತ್ತದೆ. ಒಂದೇ ಅಳತೆಯ ಚೌಕ ಚೌಕವಾಗಿ ಕೂತಿದೆ. ಆಗಿನ ಪ್ಯಾಡಿಗೆ ಕಬ್ಬಿಣದ ಬಕಲ್ ಇರುತ್ತಿತ್ತು. ಪ್ಯಾಡ್ ಮತ್ತು ಅಂಗಿಯನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಬೇಕು, ತುಕ್ಕು ಇಳಿದಿದೆ. ದಯವಿಟ್ಟು ನಿಂಬೆಹಣ್ಣು ಉಜ್ಜಬೇಡಿ. ಕಲೆಯೂ ಹೋಗಬಹುದು, ಬಟ್ಟೆಯೂ ಹೋಗಬಹುದು.

ಅದು ಯಾವ ಕಾಲದ ಅಂಗಿ ಅಂತ ನಿಮ್ಮ ಮಕ್ಕಳಿಗೆ ಹೇಳಿ. ಒಲಿಂಪಿಕ್ಸ್‌ನಲ್ಲಿ ಹಾಕಿಗೆ ಕೃತಕ ಹುಲ್ಲು ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ನಮ್ಮ ಕಡೆ ಎಲ್ಲ ಮಣ್ಣು, ಹುಲ್ಲು, ಕಲ್ಲು. ಪ್ಯಾಡ್ ಅಂದರೆ ಬೆತ್ತದ ಕಡ್ಡಿ, ಒಳಗೆ ಹತ್ತಿ. ಮಳೆ ಬಿದ್ದರೆ ಒಂದೊಂದು ಕಾಲು ಒಂದೊಂದು ಮೂಟೆ. ಈಗಿನ ಫೋಮ್ ಪ್ಯಾಡಿಗೆ ಚೆಂಡು ತಾಗಿದರೆ ಹತ್ತು ಗಜ ದೂರ ಚಿಮ್ಮುತ್ತದೆ. ಆಗಿನ ಪ್ಯಾಡಿಗೆ ತಾಗಿದರೆ ಕಾಲಡಿಯಲ್ಲೇ ಸತ್ತು ಬೀಳುತ್ತಿತ್ತು, ಎದುರಾಳಿ ಮತ್ತೆ ಹೊಡೆಯುತ್ತಿದ್ದ. ಚೆಂಡಿನ ತೂಕ 156ರಿಂದ 163 ಗ್ರಾಂ, ಆಗಲೂ ಅಷ್ಟೇ, ಈಗಲೂ ಅಷ್ಟೇ. ನಿಮ್ಮ ತಂದೆಯ ಅಂಗಿಯ ಕೆಳಗೆ ಬಹುಶಃ ಒಂದು ಬನಿಯನ್ ಮಾತ್ರ ಇತ್ತು.

ಮಾಕುಟ್ಟ ದಾಟಿ ಘಾಟಿ ಇಳಿದರೆ ಸಿಗುವ ಕಣ್ಣೂರಿನವರು ಮ್ಯಾನುಯೆಲ್ ಫ್ರೆಡರಿಕ್. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಕೀಪರ್. ಕೇರಳಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ. ಲೆಕ್ಕ ಹಾಕಿ, 47 ವರ್ಷ ಬೇಕಾಯಿತು. ಪದಕ ಗೆದ್ದ ಕೀಪರ್‌ನ ಕತೆಯೇ ಹೀಗಿದ್ದರೆ ಇಲಾಖೆ ತಂಡದ ಕೀಪರ್‌ನನ್ನು ಯಾರು ಬರೆದಿಟ್ಟಿರುತ್ತಾರೆ?

ಆದ್ದರಿಂದ ಈ ಕೆಲಸ ಮಾಡಿ. ತಂದೆಯ ಜೊತೆ ಆಡಿದವರು ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅಂಗಿ ಹಿಡಿದುಕೊಂಡು ಅವರ ಮನೆಗೆ ಹೋಗಿ. ಫೋನ್ ಮಾಡಿದರೆ "ಏನೂ ನೆನಪಿಲ್ಲ" ಅನ್ನುತ್ತಾರೆ. ಅಂಗಿಯನ್ನು ಕೈಗೆ ಕೊಟ್ಟರೆ ಮಾತು ತಾನಾಗಿ ಬರುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಒಂದು ಹಾಳೆಯಲ್ಲಿ ಬರೆದು ಅಂಗಿಯ ಜೊತೆ ಇಡಿ.

ಮಾರುವ ವಿಷಯ. ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆ ಇಲ್ಲ. ನಾನು ತೆಗೆದುಕೊಳ್ಳುವುದಿಲ್ಲ. ಆಸೆ ಇಲ್ಲ ಅಂತಲ್ಲ, ಫೋಟೋ ನೋಡಿ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದು ನಿಮ್ಮ ಮನೆಯಲ್ಲಿರಲಿ.

ಪ್ರಶ್ನೆ: ನನ್ನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಐಸ್ ಹಾಕಿ ಕೀಪರ್‌ಗಳ ತೊಟ್ಟ ಜೆರ್ಸಿಗೆ ದೊಡ್ಡ ಮಾರುಕಟ್ಟೆಯೇ ಇದೆಯಂತೆ. ನಿಮಗೆ ಒಂದು ತರಲು ಹೇಳಲೇ?
ನಿವೃತ್ತ ಇಂಜಿನಿಯರ್, ಕುಶಾಲನಗರ

ಉತ್ತರ: ಬೇಡ ಸರ್, ನಮ್ಮ ಅಂಗಿಗಳಿಗೇ ಜಾಗ ಇಲ್ಲ. ಆದರೆ ಅಲ್ಲಿನ ವ್ಯವಸ್ಥೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿನ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಒಂದು ಸೀಸನ್ನಿಗೆ ಇಷ್ಟು ಸೆಟ್ ಅಂತ ಅಂಗಿ ಬದಲಿಸುತ್ತವೆ, ತೊಟ್ಟದ್ದನ್ನು ಗುರುತು ಹಾಕಿ ಮಾರುತ್ತವೆ. ಫೋಟೋ ಜೊತೆ ಹೋಲಿಸಿ ಇದು ಇಂಥ ಪಂದ್ಯದ್ದೇ ಅಂತ ಹೇಳುವ ಕಂಪನಿಗಳೂ ಇವೆ. ಕೀಪರ್ ಅಂಗಿಯನ್ನು ಕವಚದ ಮೇಲೆ ಬರಲಿ ಅಂತ ಬೇರೆಯೇ ಅಗಲಕ್ಕೆ ಹೊಲಿಯುತ್ತಾರೆ. ಬೆನ್ನಿನ ಒಳಗೆ ಒಂದು ಪಟ್ಟಿ, ಅದನ್ನು ಪ್ಯಾಂಟಿಗೆ ಬಿಗಿಯುವುದು. ಜಗಳದಲ್ಲಿ ಎದುರಾಳಿ ಅಂಗಿಯನ್ನು ತಲೆ ಮೇಲೆ ಎಳೆಯಬಾರದು ಅಂತ! ನಮ್ಮ ಕಡೆಯ ಕೆಲವು ಪಂದ್ಯಗಳಿಗೂ ಇದು ಬೇಕಿತ್ತು.

ನಿಮ್ಮ ಮಗನಿಗೆ ಎರಡು ಹೆಸರು ಕೇಳಿ ನೋಡಿ. ಸ್ಕಾಟ್ ಫೋಸ್ಟರ್, 36 ವರ್ಷದ ಲೆಕ್ಕಿಗ. 2018ರ ಮಾರ್ಚ್ 29ರಂದು ಶಿಕಾಗೋ ತಂಡದ ಇಬ್ಬರು ಕೀಪರ್‌ಗಳೂ ಗಾಯಗೊಂಡು, ಕ್ರೀಡಾಂಗಣದಲ್ಲಿ ತುರ್ತಿಗೆ ಅಂತ ಕೂರಿಸಿದ್ದ ಈತನನ್ನು ಇಳಿಸಿದರು. ಸುಮಾರು 14 ನಿಮಿಷ ಆಡಿದ, ಬಂದ ಏಳೂ ಹೊಡೆತ ತಡೆದ, ಮರುದಿನದಿಂದ ಮತ್ತೆ ಲೆಕ್ಕ. ಇನ್ನೊಬ್ಬ ಡೇವಿಡ್ ಏರ್ಸ್, 42 ವರ್ಷ, ಮಂಜಿನ ಅಂಗಳವನ್ನು ನಯ ಮಾಡುವ ಗಾಡಿಯ ಚಾಲಕನಾಗಿದ್ದವನು. 2020ರ ಫೆಬ್ರವರಿ 22ರಂದು ಟೊರಾಂಟೊದಲ್ಲಿ ಕ್ಯಾರೊಲಿನಾ ತಂಡದ ಪರವಾಗಿ ಇಳಿದ. ಮೊದಲ ಎರಡು ಹೊಡೆತ ಗೋಲಾದವು, ಆಮೇಲಿನ ಎಂಟನ್ನೂ ತಡೆದ, 6–3ರಿಂದ ತಂಡ ಗೆದ್ದಿತು. ಇಬ್ಬರ ಬೆನ್ನಿಗೂ 90 ಅನ್ನುವ ನಂಬರ್. ನಾನು ಮಂಗಳೂರಿನಲ್ಲಿ ಆಡಿದ 11 ನಿಮಿಷ ನೆನೆಸಿಕೊಂಡು ಈ ಕತೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂದರೆ, ಈಗ ನಾನು "ಶಿಕಾಗೋ" ಅಂದ ಕೂಡಲೇ ಮೊಮ್ಮಗ ಎದ್ದು ಹೋಗುತ್ತಾನೆ.

ಪ್ರಶ್ನೆ: ಭಾರತದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಎರಡು ಒಲಿಂಪಿಕ್ಸ್ ಆಡಿದ್ದಾರೆ ಅಂತ ಬರೆದಿದ್ದೀರಿ. ಮೂರು ಅಲ್ವಾ?
ನಿವೃತ್ತ ಸೈನಿಕರು, ಪೊನ್ನಂಪೇಟೆ

ಉತ್ತರ: ಮೂರು. ತಪ್ಪಾಯಿತು, ಕ್ಷಮಿಸಿ. 1956 ಮೆಲ್ಬರ್ನ್ ಚಿನ್ನ, 1960 ರೋಮ್ ಬೆಳ್ಳಿ, 1964 ಟೋಕಿಯೊ ಚಿನ್ನ. ನಾನು ಚಿನ್ನ ಮಾತ್ರ ಎಣಿಸಿಬಿಟ್ಟಿದ್ದೆ. ಸೈನ್ಯದಲ್ಲಿದ್ದವರು, ಮಧ್ಯಪ್ರದೇಶದ ಮಹೂನವರು. 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಅವರೇ ನಾಯಕ, ಅಲ್ಲೂ ಚಿನ್ನ. ಆಮೇಲೆ ಏಷ್ಯನ್ ಗೇಮ್ಸ್ ಚಿನ್ನಕ್ಕೆ 32 ವರ್ಷ ಕಾಯಬೇಕಾಯಿತು. 1998ರಲ್ಲಿ ಮತ್ತೆ ಅದೇ ಬ್ಯಾಂಕಾಕ್, ಫೈನಲ್‌ನಲ್ಲಿ ಕೊರಿಯಾದ ಪೆನಾಲ್ಟಿ ಸ್ಟ್ರೋಕ್‌ಗಳನ್ನು ಆಶಿಶ್ ಬಲ್ಲಾಳ್ ತಡೆದರು. ಬ್ಯಾಂಕಾಕಿಗೂ ನಮ್ಮ ಕೀಪರ್‌ಗಳಿಗೂ ಏನೋ ನಂಟು. ಲಕ್ಷ್ಮಣ್ ಮಾತ್ರ 2006ರಲ್ಲಿ, ಕಾಲು ಗ್ಯಾಂಗ್ರೀನ್ ಆಗಿ, ಕೈಯಲ್ಲಿ ಕಾಸಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು.

ಪ್ರಶ್ನೆ: ಒಂದು ಜೆರ್ಸಿಗೆ ಎಷ್ಟು ಕೊಡುತ್ತೀರಿ? ಕೇಳಲು ಸಂಕೋಚ ಆಗುವುದಿಲ್ಲವೇ?
ಅಂಗಡಿ ಮಾಲೀಕರು, ಮಡಿಕೇರಿ

ಉತ್ತರ: ಹೆಚ್ಚಿನವಕ್ಕೆ ಒಂದು ಹೊಸ ಜೆರ್ಸಿ. ಹಳೆಯದು ಕೊಡಿ, ಅದೇ ಬಣ್ಣದ ಹೊಸದು ತಗೊಳ್ಳಿ. ದುಡ್ಡು ತೆಗೆದರೆ ನಮ್ಮ ಕಡೆಯವರು ಮುಖ ತಿರುಗಿಸುತ್ತಾರೆ.

ಸಂಕೋಚ ಮೊದಲು ಆಗುತ್ತಿತ್ತು. ಕೊಡವ ಕುಟುಂಬಗಳ ಹಾಕಿ ನನಗೆ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ತಂಡ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಎಲ್ಲರಿಗೂ ಅದು 396 ಕುಟುಂಬ. ನನಗೆ 396 ಕೀಪರ್! ಸೋತರೆ ಮನೆಗೆ ಅನ್ನುವ ಪಂದ್ಯಾವಳಿ, ಆದ್ದರಿಂದ ಹೆಚ್ಚುಕಡಿಮೆ ಅರ್ಧ ಜನರ ಅಂಗಿ ಒಂದೇ ಪಂದ್ಯ ಕಾಣುತ್ತದೆ. ಅದರಲ್ಲೂ ಫಾರ್ವರ್ಡ್ ಆಗಲು ಎಲ್ಲರಿಗೂ ಆಸೆ. ಗೋಲಿಗೆ ನಿಲ್ಲುವವರು ಮಾತ್ರ ರಜೆ ಹಾಕಿ ಬಂದ ಭಾವನೋ, ಓಡಲಾಗದ ಚಿಕ್ಕಪ್ಪನೋ, ಕಾಲೇಜಿಗೆ ಹೋಗುವ ಹುಡುಗಿಯೋ ಆಗಿರುತ್ತಾರೆ.

ಸೋತ ಕೂಡಲೇ ಹೋಗಿ ಕೇಳಬೇಡಿ. ಒಮ್ಮೆ ಹಾಗೆ ಕೇಳಿ ಏಟು ತಿನ್ನುವುದರಲ್ಲಿದ್ದೆ. ಆರು ಗೋಲು ತಿಂದ ಮನುಷ್ಯನಿಗೆ "ನಿಮ್ಮ ಅಂಗಿ ನೆನಪಿಗೆ ಬೇಕು" ಅಂದರೆ ಗೇಲಿ ಅನ್ನಿಸದೇ ಇರುತ್ತದಾ? ಈಗ ನಾನು ಆವತ್ತು ದೂರದಿಂದ ನೋಡಿ ಬರುತ್ತೇನೆ. ಒಂದು ವಾರ ಬಿಟ್ಟು ಮನೆಗೆ ಹೋಗುತ್ತೇನೆ. ಅಷ್ಟರಲ್ಲಿ ಅವರೇ ನಗುತ್ತಿರುತ್ತಾರೆ. ಅಂಗಿ ಒಗೆದಿರುತ್ತಾರೆ ಅನ್ನುವುದೊಂದೇ ನಷ್ಟ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಮ್ಮ ಸ್ಕೂಲ್ ಟೀಮಿಗೆ ಮತ್ತು ನಮ್ಮ ಕುಟುಂಬದ ಟೀಮಿಗೆ ನಾನೇ ಕೀಪರ್. ಜೆರ್ಸಿಯ ಬಲಗೈ ಮೊಣಕೈ ಹರಿದಿದೆ. ಅಮ್ಮ ತೇಪೆ ಹಾಕುತ್ತೇನೆ ಅನ್ನುತ್ತಾರೆ. ತೇಪೆ ಹಾಕಿದರೆ ಮುಂದೆ ಅದರ ಬೆಲೆ ಕಡಿಮೆಯಾಗುತ್ತದಾ ಸರ್?
ವಿದ್ಯಾರ್ಥಿನಿ, ಚೆಯ್ಯಂಡಾಣೆ

ಉತ್ತರ: ಕಡಿಮೆಯಾಗುವುದಿಲ್ಲ ಮಗಳೇ, ಜಾಸ್ತಿಯಾಗುತ್ತದೆ. ತಂಡದವರೇ ಹಾಕಿದ ತೇಪೆ ಕಂಡರೆ ಸಂಗ್ರಹಕಾರರಿಗೆ ಪ್ರಾಣ. ಅಂಗಡಿಯ ಅಂಗಿಗೆ ಯಾರೂ ತೇಪೆ ಹಾಕಿ ಮೋಸ ಮಾಡುವುದಿಲ್ಲ, ಅಷ್ಟು ತಾಳ್ಮೆ ಅವರಿಗಿಲ್ಲ. ನನ್ನ 43ರಲ್ಲಿ ನನಗೆ ತುಂಬ ಇಷ್ಟವಾದ ಅಂಗಿಯ ಮೊಣಕೈಗೆ ಅಕ್ಕಿ ಚೀಲದ ತುಂಡು ಇದೆ. ಅದರ ಮೇಲೆ ಅರ್ಧ ಅಕ್ಷರ ಈಗಲೂ ಓದಬಹುದು.

ಆದರೆ ಬೆಲೆಯ ಯೋಚನೆ ಈಗಲೇ ಬೇಡ. ಅದು ಇನ್ನೂ ಆಡುವ ಅಂಗಿ. ಮೊಣಕೈ ತೆರೆದುಕೊಂಡು ನೆಲಕ್ಕೆ ಬಿದ್ದರೆ ಚರ್ಮ ಹೋಗುತ್ತದೆ, ಬೇಗ ಹೊಲಿಸು. ಅಂಗಿಯದೇ ಬಣ್ಣದ ನೂಲು ಬೇಕು ಅಂತ ಅಮ್ಮ ನಾಪೋಕ್ಲಿಗೆ ಹೋಗುವುದು ಬೇಡ. ಮನೆಯಲ್ಲಿ ಯಾವ ನೂಲು ಇದೆಯೋ ಅದರಲ್ಲೇ ಹೊಲಿಯಲು ಹೇಳು.